ಸದಾಶಿವಪ್ಪನ ಫಿಲ್ಟರನ್ನು ಮುರಿಗೆವ್ವ ವೈನಿ ಬಿಚ್ಚಿದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ಸದಾಶಿವಪ್ಪನ ಬಗ್ಗೆ ನಾನು ಏನಾದರೂ ಒಳ್ಳೆಯದು ಹೇಳುತ್ತೇನೆ ಎಂದು ಯಾರೂ ಕಾಯಬೇಡಿ. ಒಂಬತ್ತು ವರ್ಷ ಆ ಮನುಷ್ಯನ ಹೆಸರು ಕಿವಿಗೆ ಬಿದ್ದರೆ ಸಾಕು, ನನ್ನ ಮೈ ಉರಿಯುತ್ತಿತ್ತು. ಈಗಲೂ ಪೂರ್ತಿ ತಣ್ಣಗಾಗಿಲ್ಲ.

ನಾನು ಜ್ಯೋತಿ. ಶಿರಸಿಯಿಂದ ಬನವಾಸಿ ಕಡೆಗೆ ಬರುವಾಗ ಸಿಗುವ ಒಂದು ಕ್ರಾಸಿನಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಎದುರಿಗೆ, ರಸ್ತೆಯ ಆಚೆ ಬದಿ, ಟ್ರ್ಯಾಕ್ಟರ್ ರಿಪೇರಿಯ ತಗಡಿನ ಶೆಡ್ಡು. ಅದು ನಮ್ಮಣ್ಣ ಚನ್ನಯ್ಯನದು. ಅಣ್ಣನದು ಎಂದೆನಾದರೂ ಅಲ್ಲಿ ಕೆಲಸ ಮಾಡುವುದು ಅಣ್ಣನಲ್ಲ, ಅವನ ಹೆಂಡತಿ ಮುರಿಗೆವ್ವ, ನನ್ನ ವೈನಿ. ಹೊಸಬರು ಬಂದು ಅತ್ತಿತ್ತ ನೋಡಿ, "ಮಿಸ್ತ್ರಿ ಎಲ್ಲಿ ಅದಾರ್ರೀ?" ಎಂದು ಕೇಳುತ್ತಾರೆ. ವೈನಿ ಟ್ರ್ಯಾಕ್ಟರಿನ ಅಡಿಯಿಂದಲೇ, "ಮಿಸ್ತ್ರಿ ಇಲ್ಲೇ ಮಲಗ್ಯಾಳ, ಗಾಡಿಗೆ ಏನಾಗೇತಿ ಹೇಳ್ರಿ" ಅನ್ನುತ್ತಾಳೆ. ಕೆಲವರು ಹಾಗೇ ಗಾಡಿ ತಿರುಗಿಸಿಕೊಂಡು ಹೋಗಿದ್ದುಂಟು. ಹೋದವರು ಎರಡು ದಿನ ಬಿಟ್ಟು ವಾಪಸು ಬಂದದ್ದೂ ಉಂಟು. ಹಾಗೆ ಬಂದವರನ್ನು ವೈನಿ ಒಂದು ತಾಸು ಸುಮ್ಮನೆ ಕೂರಿಸುತ್ತಾಳೆ. ಕೆಲಸ ಇಲ್ಲದಿದ್ದರೂ ಕೂರಿಸುತ್ತಾಳೆ. ನನಗೆ ಅದು ಬಹಳ ಇಷ್ಟ.

ವೈನಿಯ ತವರು ಹಾನಗಲ್ ಕಡೆ. ಹತ್ತೊಂಬತ್ತಕ್ಕೆ ನಮ್ಮ ಮನೆಗೆ ಬಂದವಳು. ಮೊದಮೊದಲು ಮಧ್ಯಾಹ್ನ ಅಣ್ಣನಿಗೆ ಬುತ್ತಿ ಒಯ್ದು ಕೊಟ್ಟು ಬರುತ್ತಿದ್ದಳು. ಅಣ್ಣನ ಕೈ ಗ್ರೀಸಿನಲ್ಲಿ ಇರುತ್ತಿತ್ತು, "ಆ ಪಾನಾ ಒಂದಿಷ್ಟು ಕೊಡು" ಅನ್ನುತ್ತಿದ್ದ, ಇವಳು ಸ್ಪ್ಯಾನರ್ ಎತ್ತಿ ಕೊಡುತ್ತಿದ್ದಳು. ಹಾಗೆ ಕೊಡುತ್ತಾ ಕೊಡುತ್ತಾ ಹದಿನಾಲ್ಕು ವರ್ಷ ಆಯಿತು. ಕೊನೆಕೊನೆಗೆ ಅಣ್ಣ ಕೇಳುವುದನ್ನೂ ಬಿಟ್ಟಿದ್ದ. ಎಂಜಿನ್ನಿನಿಂದ ತಲೆ ಎತ್ತದೆ ಕೈ ಹಿಂದಕ್ಕೆ ಚಾಚಿದರೆ ಸರಿಯಾದ ನಂಬರಿನ ಪಾನಾ ಅಂಗೈಗೆ ಬಂದು ಬೀಳುತ್ತಿತ್ತು. ಸುತ್ತ ಹತ್ತು ಹಳ್ಳಿಯಲ್ಲಿ ಚನ್ನಯ್ಯನ ಕೈ ಎಂದರೆ ಕೈ. ನಾನು ತಂಗಿ ಎಂದು ಹೊಗಳುತ್ತಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.

ಆ ಕೈಯನ್ನು ಸದಾಶಿವಪ್ಪ ಒಂದೇ ದಿನದಲ್ಲಿ ಕಡಿದು ಹಾಕಿದ.

ಸದಾಶಿವಪ್ಪ ನಮ್ಮೂರಿನ ದೊಡ್ಡ ರೈತ. ಭತ್ತದ ಗದ್ದೆ, ಅನಾನಸು, ಗೋವಿನಜೋಳ ಎಲ್ಲ ಇದೆ. ಅಣ್ಣನಿಗೆ ಗೆಳೆಯನಂತೆ ಇದ್ದವನು. ಹತ್ತು ವರ್ಷದ ಹಿಂದೆ ಮಳೆಗಾಲದ ಮುಂಚೆ ತನ್ನ ಟ್ರ್ಯಾಕ್ಟರನ್ನು ಸರ್ವಿಸಿಗೆ ತಂದ. ಅಣ್ಣ ಆಯಿಲ್ ಬದಲಿಸಿದ, ಹಳೆ ಆಯಿಲ್ ಫಿಲ್ಟರ್ ಬಿಚ್ಚಿ ಹೊಸದು ಹಾಕಿದ. ಈ ಫಿಲ್ಟರ್ ಎಂದರೆ ಒಂದು ತಗಡಿನ ಡಬ್ಬಿ, ಎಂಜಿನ್ನಿನ ಪಕ್ಕಕ್ಕೆ ತಿರುಗಿಸಿ ಕೂರಿಸುವುದು. ಡಬ್ಬಿಯ ಬಾಯಿಗೆ ಒಂದು ರಬ್ಬರಿನ ರಿಂಗು ಇರುತ್ತದೆ, ಆಯಿಲ್ ಸೋರದಂತೆ. ಹಳೆ ಡಬ್ಬಿ ಬಿಚ್ಚುವಾಗ ಅದರ ರಬ್ಬರೂ ಜೊತೆಗೇ ಬರಬೇಕು. ಬರದೆ ಎಂಜಿನ್ನಿಗೇ ಅಂಟಿಕೊಂಡು ಉಳಿದು, ನೀವು ನೋಡದೆ ಅದರ ಮೇಲೆ ಹೊಸದನ್ನು ಕೂರಿಸಿದರೆ ರಬ್ಬರಿನ ಮೇಲೆ ರಬ್ಬರ್ ಆಗುತ್ತದೆ. ಗಾಡಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಅದು ಜಾರಿ, ಆಯಿಲ್ ಪೂರ್ತಿ ಗದ್ದೆಯ ಪಾಲಾಗಿ, ಎಂಜಿನ್ ಸುಟ್ಟು ಬಿಗಿದು ಸೀಜ್ ಆಗುತ್ತದೆ.

ಸದಾಶಿವಪ್ಪನ ಗಾಡಿಗೆ ಅದೇ ಆಯಿತು. ಆಗಬಾರದಿತ್ತು, ಆಯಿತು. ನಷ್ಟವಾದವನಿಗೆ ಸಿಟ್ಟು ಬರುವುದು ಸಹಜ, ಬಂದು ಎರಡು ಮಾತು ಬೈದಿದ್ದರೆ ನಾವು ಕೈಕಟ್ಟಿ ಕೇಳುತ್ತಿದ್ದೆವು. ಅವನು ಹಾಗೆ ಮಾಡಲಿಲ್ಲ. ಸಂತೆಯ ದಿನದವರೆಗೆ ಕಾದ. ಕ್ರಾಸಿನಲ್ಲಿ ಜನ ತುಂಬಿದ್ದಾಗ ಸುಟ್ಟ ಬೇರಿಂಗು, ಪಿಸ್ಟನ್ನು ಎಲ್ಲವನ್ನೂ ಒಂದು ಚೀಲದಲ್ಲಿ ತಂದು ಶೆಡ್ಡಿನ ಮುಂದೆ ಸುರಿದ. ಎರಡು ರಬ್ಬರ್ ರಿಂಗುಗಳನ್ನು ಒಂದು ದಾರಕ್ಕೆ ಪೋಣಿಸಿ ಅಲ್ಲಿದ್ದ ಲೈಟಿನ ಕಂಬಕ್ಕೆ ಕಟ್ಟಿದ. "ನೋಡ್ರಿ ಎಲ್ಲಾರೂ. ಚನ್ನಯ್ಯ ಒಂದು ಫಿಲ್ಟರಿಗೆ ಎರಡು ರಬ್ಬರ್ ಹಾಕತಾನ. ನಿಮ್ಮ ಗಾಡಿ ತರೂದಿದ್ರ ವಿಚಾರ ಮಾಡಿ ತರ್ರಿ" ಎಂದು ಕೂಗಿ ಹೇಳಿದ. ಸಂತೆಗೆ ಬಂದವರೆಲ್ಲ ನಿಂತು ನೋಡಿದರು. ಕೆಲವರು ನಕ್ಕರು. ನಕ್ಕವರು ಯಾರ್ಯಾರು ಎಂದು ನಾನು ಈಗಲೂ ಹೇಳಬಲ್ಲೆ.

ಅಣ್ಣ ಶೆಡ್ಡಿನ ಬಾಗಿಲು ಹಾಕಿದ. ಮನೆಗೆ ಬಂದ ಮೇಲೆ ವೈನಿ, "ನೀವು ಹಳೇ ರಬ್ಬರ್ ತಗದಿದ್ರೋ ಇಲ್ಲೋ?" ಎಂದು ನೇರವಾಗಿ ಕೇಳಿದಳು. "ತಗದಿದ್ದೆ" ಅಂದ. ಅಷ್ಟೇ. ನಮ್ಮಿಬ್ಬರಿಗೂ ಅಷ್ಟೇ ಸಾಕಾಗಿತ್ತು. ತೆಗೆದಿದ್ದಾನೆ ಎಂದಮೇಲೆ ಆ ಎರಡನೇ ರಬ್ಬರನ್ನು ಸದಾಶಿವಪ್ಪನೇ ಎಲ್ಲಿಂದಲೋ ತಂದು ಕಟ್ಟಿದ್ದಾನೆ. ಗಾಡಿಗೆ ಬೇರೇನೋ ಮಾಡಿಕೊಂಡು ತಪ್ಪನ್ನು ನಮ್ಮ ತಲೆಗೆ ಕಟ್ಟಿದ್ದಾನೆ. ನಾವು ಹಾಗೇ ನಂಬಿದೆವು.

ಅಣ್ಣ ಮರುದಿನದಿಂದ ಶೆಡ್ಡಿಗೆ ಹೋಗಲಿಲ್ಲ. ಊರ ಕೊನೆಯ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಕರೆದರೂ ಬರಲಿಲ್ಲ, ಬೈದರೂ ಬರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಎದುರಿನ ಶೆಡ್ಡಿನ ಬಾಗಿಲೂ ತೆರೆದದ್ದು ಕಂಡಿತು. ವೈನಿ ಸೀರೆಯ ಮೇಲೆ ಅಣ್ಣನ ಖಾಕಿ ಅಂಗಿ ತೊಟ್ಟು ನಿಂತಿದ್ದಳು. ಕಂಬಕ್ಕೆ ಕಟ್ಟಿದ್ದ ದಾರವನ್ನು ಹರಿದು, ರಿಂಗುಗಳನ್ನು ಒಲೆಗೆ ಹಾಕಿ, ನನಗೆ ಹೇಳಿದಳು: "ಜ್ಯೋತಿ, ಆ ಸದಾಶಿವಪ್ಪನ ಗಾಡಿ ಒಂದ ದಿನ ಕೆಟ್ಟು ಇದ ಶೆಡ್ಡಿಗೆ ಬರಬೇಕು. ಅವ ಇದ ಜಾಗಾದಾಗ ನಿಂತು, ಸಂತಿ ಮಂದಿ ಮುಂದ, ಚನ್ನಯ್ಯಂದು ತಪ್ಪಿಲ್ಲ ಅನ್ನಬೇಕು. ಅಲ್ಲೀತನಾ ನಾ ಈ ಅಂಗಿ ಬಿಚ್ಚೂದಿಲ್ಲ."

ಮೊದಲ ಆರು ತಿಂಗಳು ಒಂದು ಗಾಡಿಯೂ ಬರಲಿಲ್ಲ. ಆಮೇಲೆ ಒಂದು ಪಂಪ್‌ಸೆಟ್ಟು, ಒಂದು ಟಿಲ್ಲರ್, ಹೀಗೆ ಶುರುವಾಯಿತು. ಫಿಲ್ಟರ್ ಬದಲಿಸುವಾಗ ಅವಳದೊಂದು ರೀತಿ ಇತ್ತು. ಹಳೆಯ ರಬ್ಬರನ್ನು ಬಿಡಿಸಿ ಗಾಡಿಯವನ ಅಂಗೈಯಲ್ಲಿ ಇಡುವಳು. ಅವನು ನೋಡಿ ಹೂಂ ಎಂದ ಮೇಲೇ ಹೊಸದು ಹಾಕುವಳು. ಆತುರದವರು, "ಅದೆಲ್ಲಾ ಯಾಕ ಬೇಕ್ರೀ, ಹಾಕ್ರಿ" ಎಂದರೆ ಪಾನಾ ಕೆಳಗಿಟ್ಟು ಸುಮ್ಮನೆ ಕೂರುವಳು. ಜನಕ್ಕೆ ನಿಧಾನವಾಗಿ ಅದರ ಮೇಲೇ ನಂಬಿಕೆ ಬಂತು.

ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. ಸದಾಶಿವಪ್ಪನ ಹೆಂಡತಿ ಪಾಪ, ಆಮೇಲೂ ಮೂರು ವರ್ಷ ನನ್ನ ಹತ್ತಿರವೇ ಬ್ಲೌಸು ಹೊಲಿಸಿದಳು. ಒಂದರಲ್ಲೂ ಅವಳಿಗೆ ಕೈ ಎತ್ತಲು ಬರಲಿಲ್ಲ. ಪ್ರತಿ ಸಲವೂ ಕಂಕುಳಲ್ಲಿ ಅರ್ಧ ಇಂಚು ಹಿಡಿದು ಹೊಲಿದೆ. "ನಾ ದಪ್ಪ ಆಗೇನೋ ಏನೋ" ಅನ್ನುತ್ತಿದ್ದಳು. "ಹೌದ್ರಿ ಅಕ್ಕಾರ, ಭಾಳ ಆಗೀರಿ" ಅನ್ನುತ್ತಿದ್ದೆ. ನನ್ನಿಂದ ಆಗುವ ಸೇಡು ಅಷ್ಟೇ ಆಗಿತ್ತು.

ಹೋದ ವರ್ಷ ಸುಗ್ಗಿಯಲ್ಲಿ ಅದು ನಡೆಯಿತು. ಭತ್ತ ಕೊಯ್ದು ಗದ್ದೆಯಲ್ಲಿ ಬಿದ್ದಿತ್ತು, ಕಾಲವಲ್ಲದ ಕಾಲದಲ್ಲಿ ಮೋಡ ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಇನ್ನೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದು ಶೆಡ್ಡಿನ ಮುಂದೆ ನಿಂತಿತು. ಎಳೆಸಿಕೊಂಡು ಬಂದ ಗಾಡಿಯನ್ನು ನಾನು ಹೊಲಿಗೆ ಮಷಿನ್ನಿನಿಂದಲೇ ಗುರುತು ಹಿಡಿದೆ. ದಾರ ಹರಿದುಹೋದದ್ದೂ ಗೊತ್ತಾಗದೆ ಸುಮ್ಮನೆ ಪೆಡಲ್ ತುಳಿಯುತ್ತಾ ಕೂತಿದ್ದೆ. ಆಮೇಲೆ ಅಂಗಡಿಗೆ ಕೀಲಿಯನ್ನೂ ಹಾಕದೆ ರಸ್ತೆ ದಾಟಿದೆ.

ಬಂದಿದ್ದವನು ಸದಾಶಿವಪ್ಪನ ಡ್ರೈವರ್ ದ್ಯಾಮಪ್ಪ. ಕೈಯೆಲ್ಲ ಗಾಯ. ಒಕ್ಕಣೆ ಮಷಿನ್ ಓಡಿಸುವ ಮುಂಚೆ ಸರ್ವಿಸ್ ಮಾಡೋಣವೆಂದು ತಾನೇ ಆಯಿಲ್ ಇಳಿಸಿದ್ದನಂತೆ. ಫಿಲ್ಟರ್ ಅಲುಗಲಿಲ್ಲ. ಚೈನ್ ಪಾನಾ ಹಾಕಿ ತಿರುವಿದ, ಡಬ್ಬಿ ನೆಗ್ಗಿತು. ಸ್ಕ್ರೂಡ್ರೈವರನ್ನು ಡಬ್ಬಿಯ ಹೊಟ್ಟೆಗೆ ಈ ಕಡೆಯಿಂದ ಆ ಕಡೆಗೆ ಹೊಡೆದು ತಿರುವಿದ, ತಗಡು ಹರಿಯಿತು. ಈಗ ಡಬ್ಬಿಯ ಬುಡದ ದಪ್ಪ ತಟ್ಟೆ ಮಾತ್ರ ಎಂಜಿನ್ನಿಗೆ ಕಚ್ಚಿಕೊಂಡು ಕೂತಿತ್ತು. ಶಿರಸಿಯ ಮಿಸ್ತ್ರಿ ಎರಡು ದಿನ ಬಿಟ್ಟು ಬರುತ್ತೇನೆ ಅಂದಿದ್ದಾನೆ. ಮೋಡ ಎರಡು ದಿನ ಕಾಯುವಂತೆ ಕಾಣಲಿಲ್ಲ.

"ಅಕ್ಕಾ, ಹೆಂಗಾರ ಮಾಡಿ ಇದನ್ನ ತಗದು ಕೊಡ್ರಿ" ಅಂದ ದ್ಯಾಮಪ್ಪ.

ವೈನಿ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಮುಖದಲ್ಲಿ ಏನೂ ಇರಲಿಲ್ಲ. "ತಗೀತೀನಿ. ಮಾಲಕರನ್ನ ಕರಕೊಂಡು ಬಾ."

"ಅವ್ರು ಬರೂದಿಲ್ರೀ."

"ಹಂಗಾರ ಅವ್ರ ಭತ್ತ ತೊಯ್ಲಿ."

ಸದಾಶಿವಪ್ಪ ಬಂದ. ಒಂಬತ್ತು ವರ್ಷದಲ್ಲಿ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನವಾಯಿತು. ಬೈಕಿನಿಂದ ಇಳಿಯದೆಯೇ, "ಏನ್ ಮುರಿಗೆವ್ವ, ನಾ ಬಂದ್ರ ಫಿಲ್ಟರ್ ತಾನ ಬಿಚ್ಚಿಕೊಂತೈತೇನು?" ಎಂದ.

"ಇಲ್ರಿ. ನಾನ ಬಿಚ್ಚತೀನಿ. ಬಿಚ್ಚೂತನಾ ನೀವು ಇಲ್ಲೇ ಕುಂಡ್ರಬೇಕು. ಗಾಡಿ ಚಾಲೂ ಆದಮ್ಯಾಲೆ, ಬರೂ ಸಂತ್ಯಾಗ ಇದ ಕಂಬದ ಹಂತೇಕ ನಿಂತು, ಚನ್ನಯ್ಯಂದು ತಪ್ಪಿರಲಿಲ್ಲ ಅಂತ ಅವತ್ತು ಕೂಗಿದಂಗ ಕೂಗಿ ಹೇಳಬೇಕು. ಆಗತೈತಿ ಅಂದ್ರ ಪಾನಾ ಹಿಡೀತೀನಿ."

"ಎರಡು ರಬ್ಬರ್ ನನ್ನ ಕೈಗೆ ಸಿಕ್ಕಿದ್ವು. ನಾ ಸುಳ್ಳ ಹೇಳಿಲ್ಲ."

"ಸರಿ, ಹಂಗಾರ ಎಳಕೊಂಡು ಹೋಗ್ರಿ."

ಸದಾಶಿವಪ್ಪ ಆಕಾಶ ನೋಡಿದ. ನಾನೂ ನೋಡಿದೆ. ಹಾನಗಲ್ ಕಡೆಯಿಂದ ಮೋಡ ಕಪ್ಪಾಗಿ ಬರುತ್ತಿತ್ತು. ಮಳೆ ಬರಲಿ ಎಂದು ನಾನು ಮನಸ್ಸಿನಲ್ಲೇ ಬನವಾಸಿಯ ಮಧುಕೇಶ್ವರನಿಗೆ ಕೈಮುಗಿದೆ. ಊರಿನವರ ಭತ್ತವೆಲ್ಲ ಹೊರಗೇ ಇದೆ ಎನ್ನುವುದು ಆಗ ನನಗೆ ಹೊಳೆಯಲೇ ಇಲ್ಲ, ಸಿಟ್ಟು ಅಂದರೆ ಅಂಥದ್ದು. ಅವನು ಬೈಕಿನಿಂದ ಇಳಿದು ಕಲ್ಲಿನ ಮೇಲೆ ಕೂತ. "ಮೊದಲು ಬಿಚ್ಚು, ಆಮೇಲೆ ಹೇಳೋಣಂತ" ಅಂದ.

ವೈನಿ ಬಳೆಗಳನ್ನು ಮೊಣಕೈಗೆ ಸರಿಸಿ ಗಾಡಿಯ ಪಕ್ಕ ಮಂಡಿಯೂರಿದಳು. ಹರಿದ ತಗಡಿನ ಚೂರುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದಳು. ತಟ್ಟೆಯ ಸುತ್ತ ಡೀಸೆಲ್ ಬಿಟ್ಟು ಕಾದಳು. ಮತ್ತೆ ಬಿಟ್ಟು ಮತ್ತೆ ಕಾದಳು. ಕಾಯುವುದು ಆ ಕೆಲಸಕ್ಕೆ ಬೇಕಿತ್ತೋ ಸದಾಶಿವಪ್ಪ ಮೋಡ ನೋಡುತ್ತಾ ಕೂತಿರಲಿ ಎಂದೋ ನನಗೆ ಗೊತ್ತಿಲ್ಲ. ಆಮೇಲೆ ತಟ್ಟೆಯ ಅಂಚಿಗೆ ಚಾಣ ಓರೆಯಾಗಿ ಇಟ್ಟು ಸುತ್ತಿಗೆಯಿಂದ ಸಣ್ಣಗೆ ಹೊಡೆಯತೊಡಗಿದಳು. ಜೋರಾಗಿ ಹೊಡೆದರೆ ಫಿಲ್ಟರ್ ಕೂರುವ ಎಂಜಿನ್ನಿನ ಮುಖ ಗೀರುತ್ತದೆ. ಒಂದು ಗೀರು ಬಿದ್ದರೂ ಮುಂದೆ ಸೋರುತ್ತದೆ, ಆಗ ಸದಾಶಿವಪ್ಪ ಇನ್ನೊಂದು ಚೀಲ ಹೊತ್ತುಕೊಂಡು ಬರುತ್ತಾನೆ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅಷ್ಟು ಹೊತ್ತಿಗೆ ಕ್ರಾಸಿನಲ್ಲಿ ಇದ್ದವರೆಲ್ಲ ಬಂದು ಸುತ್ತ ನಿಂತಿದ್ದರು.

ಒಂದು ತಾಸು ಆಯಿತು. ತಟ್ಟೆ ಕೂದಲೆಳೆಯಷ್ಟೂ ಸರಿಯಲಿಲ್ಲ. ವೈನಿಯ ಎಡಗೈ ಹೆಬ್ಬೆರಳಿಗೆ ಸುತ್ತಿಗೆ ಬಿದ್ದು ರಕ್ತ ಬಂತು. ಸದಾಶಿವಪ್ಪ ನಕ್ಕಂತೆ ಮಾಡಿ, "ನಿನ್ನ ಗಂಡ ಹಾಕಿದ ಫಿಲ್ಟರ್ ಆಗಿದ್ರ ತಾನ ಬಿದ್ದು ಹೋಗತಿತ್ತು" ಎಂದ. ನಿಂತವರಲ್ಲಿ ಒಬ್ಬಿಬ್ಬರು ನಗು ತಡೆಯಲು ಬಾಯಿ ಮುಚ್ಚಿಕೊಂಡರು. ನನ್ನ ಕೈಯಲ್ಲಿ ಕತ್ತರಿ ಇತ್ತು. ಏನು ಮಾಡುತ್ತಿದ್ದೆನೋ ಏನೋ, ವೈನಿ ತಿರುಗಿ ನೋಡಿದಳು, ಸುಮ್ಮನಾದೆ.

ಅವಳು ರಕ್ತವನ್ನು ಅಂಗಿಗೆ ಒರೆಸಿ ಚಾಣವನ್ನು ಇನ್ನೊಂದು ಮಗ್ಗುಲಿಗೆ ಇಟ್ಟಳು. ಟಕ್, ಟಕ್, ಟಕ್. ಒಂದು ಸಲ ಸದ್ದು ಬೇರೆ ಬಂತು. ಸುತ್ತಿಗೆ ಕೆಳಗಿಟ್ಟು ಬರಿಗೈಯಿಂದ ತಟ್ಟೆ ಹಿಡಿದು ತಿರುಗಿಸಿದಳು. ಕಿರ್ರ್ ಎಂದು ಒಂದು ಸುತ್ತು ಬಂತು, ಮತ್ತೊಂದು ಬಂತು, ತಟ್ಟೆ ಅವಳ ಕೈಗೆ ಬಂತು.

ತಟ್ಟೆಯಲ್ಲಿ ರಬ್ಬರ್ ಇರಲಿಲ್ಲ.

ವೈನಿ ಎಂಜಿನ್ನಿನ ಮುಖಕ್ಕೆ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. ನನಗೂ ತೋರಿಸಿದಳು. ಏನೂ ಕಾಣಲಿಲ್ಲ, ಬರೀ ಕರಿ ಕಬ್ಬಿಣ. ಅವಳು ಕಣ್ಣು ಮುಚ್ಚಿ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಕೆರೆದಳು, ಕಂದು ಬಣ್ಣದ ಒಂದು ಚೂರು ಎದ್ದು ಬಂತು. ಮೂಸಿ ನೋಡಿ, ಬೆರಳುಗಳ ನಡುವೆ ತಿಕ್ಕಿ, ಆ ಚೂರನ್ನು ಸದಾಶಿವಪ್ಪನ ಮುಂದೆ ಹಿಡಿದಳು.

"ಇದು ಏನ್ರೀ?"

ಅವನು ಮುಖ ತಿರುಗಿಸಿದ. ದ್ಯಾಮಪ್ಪ, ಅವನಿಗೆ ಹಿಂದು ಮುಂದು ಏನೂ ಗೊತ್ತಿಲ್ಲ, ತಾನೇ ಹೇಳಿದ: "ಹಲಸಿನ ಮೇಣರೀ ಅಕ್ಕಾ. ಸಾವ್ಕಾರ್ರು ಮೇಣಕ್ಕ ಸುಣ್ಣಾ ಕಲಸಿ ರಬ್ಬರಿಗೆ ಹಚ್ಚತಾರ. ಆಯಿಲ್ ಸೋರಬಾರದಂತ. ಗಾಡಿ ತಂದಾಗಿಂದನೂ ಹಂಗ ಮಾಡ್ತಾರಂತ."

ನಮ್ಮ ಕಡೆ ಹಲಸಿನ ಮೇಣದಿಂದ ಏನೆಲ್ಲ ಮುಚ್ಚುತ್ತಾರೆ. ತೂತು ಬಿದ್ದ ಕೊಡ, ಬಿರುಕು ಬಿಟ್ಟ ಮಡಕೆ, ಬಚ್ಚಲ ಹಂಡೆ. ಸದಾಶಿವಪ್ಪ ಟ್ರ್ಯಾಕ್ಟರನ್ನೂ ಹಂಡೆ ಎಂದುಕೊಂಡಿದ್ದ. ಆ ಮೇಣ ಎಂಜಿನ್ನಿನ ಬಿಸಿಗೆ ಬೆಂದು ಬೆಂದು ಕಲ್ಲಾಗಿ, ರಬ್ಬರನ್ನು ಕಬ್ಬಿಣಕ್ಕೆ ಕೂಡಿಸಿಬಿಟ್ಟಿತ್ತು. ಕಣ್ಣಿಗೆ ರಬ್ಬರ್ ಯಾವುದು ಕಬ್ಬಿಣ ಯಾವುದು ತಿಳಿಯುತ್ತಿರಲಿಲ್ಲ.

ವೈನಿ ಎದ್ದು ನಿಂತಳು. ಧ್ವನಿ ಏರಿಸಲಿಲ್ಲ. "ಒಂಬತ್ತು ವರ್ಷದ ಹಿಂದೂ ಮೇಣ ಹಚ್ಚಿದ್ರಿ."

"ಹಚ್ಚಿದ್ದೆ" ಎಂದ ಸದಾಶಿವಪ್ಪ.

"ಎಂಜಿನ್ ಸೀಜ್ ಆದಮ್ಯಾಲೆ ರಬ್ಬರ್ ನೀವ ತಗದ್ರಿ. ಅದರಾಗ ಮೇಣ ಇತ್ತು. ನೋಡಿದ್ರಿ."

ನನಗೆ ಆಗ ಕಣ್ಣ ಮುಂದೆ ಬಂತು. ಕಂಬಕ್ಕೆ ಕಟ್ಟಿದ್ದ ಆ ಎರಡು ರಿಂಗುಗಳು ತೊಳೆದಿಟ್ಟಂತೆ ಮಿರಮಿರ ಮಿಂಚುತ್ತಿದ್ದವು. ಸುಟ್ಟ ಎಂಜಿನ್ನಿನಿಂದ ಬಂದ ರಬ್ಬರ್ ಅಷ್ಟು ಸ್ವಚ್ಛ ಹೇಗೆ ಇರುತ್ತದೆ ಎಂದು ನನ್ನ ಮೊದ್ದು ತಲೆಗೆ ಒಂಬತ್ತು ವರ್ಷ ಹೊಳೆದಿರಲಿಲ್ಲ. "ಸೀಮೆಎಣ್ಣ್ಯಾಗ ತೊಳದು ಕಟ್ಟಿದಿ" ಎಂದೆ. ಬಹುವಚನ ನನ್ನ ಬಾಯಿಂದ ಬರಲಿಲ್ಲ.

ಸದಾಶಿವಪ್ಪ ನೆಲ ನೋಡುತ್ತಾ, "ಮೇಣಾ ಹಚ್ಚಿದ್ದು ಗೊತ್ತಾದ್ರ ಮಂದಿ ನನಗ ನಗತಿದ್ರು" ಅಂದ.

ಅದಕ್ಕಾಗಿ. ತನ್ನನ್ನು ನೋಡಿ ನಾಲ್ಕು ಜನ ನಗಬಾರದು ಎಂದು ಇವನು ನಮ್ಮಣ್ಣನನ್ನು ನೋಡಿ ಸಂತೆಯೆಲ್ಲ ನಗುವಂತೆ ಮಾಡಿದ. ಸುತ್ತ ನಿಂತವರು ಈಗ ಅವನನ್ನು ನೋಡುತ್ತಿದ್ದ ರೀತಿ ಇತ್ತಲ್ಲ, ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಹಾಗೇ ನಿಂತು ನೋಡಿದ್ದರೆ ಸಾಕಿತ್ತು. ಆದರೆ ಈ ಸುಖವನ್ನು ಅಣ್ಣನೂ ನೋಡಬೇಕು ಅನಿಸಿತು. ವೈನಿ ಹೇಳಲಿಲ್ಲ, ನಾನೇ ಓಡಿದೆ. ಗಿರಣಿಗೆ ಹೋಗಿ, ಬೆಲ್ಟಿನ ಸದ್ದಿನ ನಡುವೆ ಕೂಗಿ ಹೇಳಿ, ಅವನ ಕೈ ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವನು ಏನೂ ಕೇಳಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದುಕೊಂಡೆ.

ಅಣ್ಣ ಬಂದಾಗ ತಲೆ, ಹುಬ್ಬು, ಮೈಯೆಲ್ಲ ಹಿಟ್ಟು. ಜನ ದಾರಿ ಬಿಟ್ಟರು. ಸದಾಶಿವಪ್ಪ ಎದ್ದು, "ತಪ್ಪಾತು ಚನ್ನಯ್ಯ. ಮೇಣದ ಮಾತು ನಾ ಮುಚ್ಚಿಟ್ಟೆ" ಎಂದ. ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಬೆವರು ಬಂದಿತ್ತು.

ಅಣ್ಣ ಅವನ ಕಡೆ ನೋಡಲಿಲ್ಲ. ಗಾಡಿಯ ಪಕ್ಕ ಕೂತು ಎಂಜಿನ್ನಿನ ಮುಖಕ್ಕೆ ಬೆರಳು ಹಚ್ಚಿದ. ಒಂದು ಸುತ್ತು ಬಂದು ಬೆರಳು ನಿಂತಿತು, ವೈನಿಯ ಬೆರಳು ನಿಂತ ಜಾಗದಲ್ಲೇ.

"ಸಿಗತೈತಿ" ಅಂದ. "ಮೇಣಾ ಇದ್ರೂ ಬೆರಳಿಗೆ ಸಿಗತೈತಿ. ನಾ ಅವತ್ತ ಬೆರಳಾಡಿಸಲಿಲ್ಲ. ಮೂರು ಗಾಡಿ ಸಾಲಿಗೆ ನಿಂತಿದ್ವು, ಡಬ್ಬಿ ಬಿಚ್ಚಿದೆ, ಹೊಸಾದು ತಿರುವಿದೆ. ಹಳೇ ಡಬ್ಬ್ಯಾಗ ರಬ್ಬರ್ ಐತೋ ಇಲ್ಲೋ ಅದನ್ನೂ ನೋಡಲಿಲ್ಲ."

ನಾನು ವೈನಿಯ ಮುಖ ನೋಡಲಾರದೆ ಅವಳ ಕೈ ನೋಡಿದೆ. ಹೆಬ್ಬೆರಳಿನಿಂದ ಇನ್ನೂ ರಕ್ತ ಒಸರುತ್ತಿತ್ತು.

ಸದಾಶಿವಪ್ಪನಿಗೆ ಮಾತ್ರ ಜೀವ ಬಂತು. "ನೋಡಿದೇನ್ ಮುರಿಗೆವ್ವ. ನಿನ್ನ ಗಂಡನ ಬಾಯಿಂದನ ಬಂತು. ಇನ್ನ ನಾ ಸಂತ್ಯಾಗ ಏನ್ ಹೇಳಲಿ?"

"ಅರ್ಧಾ ತಪ್ಪು ನಿಮ್ದು, ಅರ್ಧಾನ ಹೇಳ್ರಿ" ಅಂದಳು ವೈನಿ. "ಮೇಣಾ ಹಚ್ಚಿದ್ದು, ತೊಳದು ಕಟ್ಟಿದ್ದು. ಹೇಳೂದಿಲ್ಲ ಅಂದ್ರ ಈ ತಟ್ಟೀನ ತಿರುಗಿ ಅಲ್ಲೇ ಕೂಡ್ರಸತೀನಿ."

ಹೇಳುತ್ತೇನೆ ಎಂದ. ಸಂತೆಯ ದಿನ ಹೇಳಿದ ಕೂಡ. ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕಂಬದ ಪಕ್ಕ ನಿಂತು ಕೂಗಿಯೇ ಹೇಳಿದ. ಮೆಣಸಿನಕಾಯಿ ಮಾರುವವಳು, "ಯಾವ ಎಂಜಿನ್ ರೀ?" ಎಂದು ಕೇಳಿದಳು. ಸಂತೆಯಲ್ಲಿ ಹೆಚ್ಚಿನವರಿಗೆ ಆ ಸಂಗತಿಯೇ ಮರೆತುಹೋಗಿತ್ತು. ಆದರೆ ಮೇಣದ ಮಾತು ಹಿಡಿಸಿತು. ಈಗ ಸದಾಶಿವಪ್ಪ ಎಲ್ಲಿ ಗಾಡಿ ನಿಲ್ಲಿಸಿದರೂ, "ಹಲಸಿನ ಕಾಲ ಬಂತ್ರೀ ಸಾವ್ಕಾರ್ರ" ಅನ್ನುತ್ತಾರೆ. ನಾನು ಅಂಗಡಿಯಿಂದಲೇ ಅನ್ನುತ್ತೇನೆ.

ಅವತ್ತಿನ ಮಾತಿಗೆ ಬರುತ್ತೇನೆ. ವೈನಿ ರಬ್ಬರಿನ ಕೊನೆಯ ಚೂರನ್ನೂ ಕೆರೆದು ತೆಗೆದಳು. ಹೊಸ ಫಿಲ್ಟರಿನ ರಬ್ಬರಿಗೆ ಒಂದು ಬೆರಳು ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ ಕೂರಿಸಿದಳು. ಆಯಿಲ್ ತುಂಬಿ ಗಾಡಿ ಚಾಲೂ ಮಾಡಿ ಹತ್ತು ನಿಮಿಷ ನೋಡಿದಳು. ಒಂದು ಹನಿ ಸೋರಲಿಲ್ಲ. ದ್ಯಾಮಪ್ಪ ಗಾಡಿ ಹೊಡೆದುಕೊಂಡು ಹೋದ. ಜನರೂ ಹೋದರು. ಅಣ್ಣ ಹೋಗಲಿಲ್ಲ, ಕಲ್ಲಿನ ಮೇಲೆ ಕೂತಿದ್ದ.

"ನನಗ ತಗದಿದ್ದೆ ಅಂತ ಹೇಳಿದ್ರಿ" ಅಂದಳು ವೈನಿ, ಹತಾರುಗಳನ್ನು ಒರೆಸುತ್ತಾ.

"ಅವತ್ತ ನಾಚಿಕಿಗೆ ಹೇಳಿದೆ. ಆಮೇಲೆ ಖರೇ ಹೇಳೋಣ ಅನ್ನೂದರಾಗ ನೀ ಶೆಡ್ಡ ತಗದಿ. ಆ ಸಿಟ್ಟಿನ ಮ್ಯಾಲೆ ನೀ ಪಾನಾ ಹಿಡದಿದ್ದಿ. ಖರೇ ಹೇಳಿದ್ರ ಸಿಟ್ಟು ಇಳೀತೈತಿ, ಸಿಟ್ಟು ಇಳದ್ರ ಪಾನಾನೂ ಕೆಳಗ ಇಡತಿ ಅಂದ್ಕೊಂಡೆ. ಆಮೇಲೆ ಮನಿ ನಡಿಯೂದು ಹ್ಯಾಂಗ?"

ಅಣ್ಣ ಇದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಮಗಾಗಿ ಒಂದು ಭಾರ ಹೊತ್ತವನಂತೆ ಹೇಳಿದ. ವೈನಿ ಒರೆಸುತ್ತಿದ್ದ ಪಾನಾವನ್ನು ಕೆಳಗಿಟ್ಟಳು.

"ಸಿಟ್ಟಿನ ಮ್ಯಾಲೆ ಮಾಡಿದ್ದು ಒಂದ ವರ್ಷ" ಅಂದಳು. "ಆಮೇಲೆ ಮಾಡಿದ್ದು ಈ ಕೆಲಸ ನನಗ ಸೇರತೈತಿ ಅಂತ. ಸದಾಶಿವಪ್ಪನ ಮ್ಯಾಲಿನ ಸಿಟ್ಟು ಬ್ಯಾರೆ, ಇದು ಬ್ಯಾರೆ. ಒಂದ ಸಲ ಕೇಳಿದ್ರ ಹೇಳತಿದ್ದೆ. ಎರಡನೇ ವರ್ಷ ಬಂದು, ತಪ್ಪು ನಂದ ಅಂದಿದ್ರ, ಆತು ಬಿಡ್ರಿ, ಆ ಜಾಕ್ ಹಿಡೀರಿ ಅಂತಿದ್ದೆ. ಎಂಟು ವರ್ಷ ನೀವು ಅಲ್ಲಿ ಹಿಟ್ಟು ಬೀಸಿದ್ರಿ. ಎಂಟು ವರ್ಷ ನಾ ಒಬ್ಬಾಕೀನ ಈ ಕಬ್ಬಿಣ ಎತ್ತಿದೆ. ನಡಾ ಹೋತು, ಮೊಣಕಾಲ ಹೋತು. ನಿಮಗ ಬೆರಳು ಆಡಸಾಕ ಪುರುಸೊತ್ತು ಇರಲಿಲ್ಲ, ಅದನ್ನ ನಾ ಬಿಡತೀನಿ. ಇದನ್ನ ಹ್ಯಾಂಗ ಬಿಡಲಿ?"

ಅಣ್ಣನ ಗಲ್ಲದ ಮೇಲಿನ ಹಿಟ್ಟು ಒದ್ದೆಯಾಗಿತ್ತು.

"ಸದಾಶಿವಪ್ಪಂದು ಇವತ್ತ ಮುಗೀತು" ಎಂದಳು ವೈನಿ. "ನಿಮ್ದು ಇವತ್ತ ಸುರು."

ಅಷ್ಟು ಹೇಳಿ ಶೆಡ್ಡಿನ ಹಿಂದಿನ ನೀರಿನ ಡ್ರಮ್ಮಿನ ಕಡೆ ಹೋದಳು. ಅಣ್ಣ ನನ್ನ ಮುಖ ನೋಡಿದ. ಬುದ್ಧಿ ಬಂದಾಗಿನಿಂದ ನಾನು ಅವನ ಪರವಾಗಿಯೇ ಜಗಳಾಡಿದವಳು, ಅವನಿಗಾಗಿ ಊರಿನವರ ಜೊತೆಯೆಲ್ಲ ಮಾತು ಬಿಟ್ಟವಳು. ಈಗಲೂ ಏನಾದರೂ ಹೇಳುತ್ತೇನೆ ಎಂದು ಕಾದ. ನಾನು ಅವನನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಹೋಗಿ, ತಂಬಿಗೆ ಎತ್ತಿಕೊಂಡು ವೈನಿಯ ಕೈಗೆ ನೀರು ಹಾಕಿದೆ.